ಬಾಲ ಹಿಡಿದು ಓದಬೇಕಾದ ಪದ

ಎಲೆಕ್ಟ್ರೋಎನ್ಸೆಫಲೋಗ್ರಾಫಿಕಲಿ.

ಇದನ್ನು ಒಂದೇ ಉಸಿರಿಗೆ, ಎಲ್ಲೂ ಮುಗ್ಗರಿಸದೆ ಓದಿದವರು ನರರೋಗ ತಜ್ಞರಿರಬೇಕು, ಇಲ್ಲವೇ ಅವರ ಪ್ರಬಂಧಗಳನ್ನು ಟೈಪ್ ಮಾಡಿಕೊಡುವವರಿರಬೇಕು. ಮಿಕ್ಕವರು 'ಎಲೆಕ್ಟ್ರೋ'ದವರೆಗೆ ಧೈರ್ಯವಾಗಿ ಬಂದು, 'ಎನ್ಸೆಫ' ಎಂಬಲ್ಲಿ ತಡವರಿಸಿ, ಪರಿಚಯದ 'ಗ್ರಾಫ್' ಕಂಡ ಮೇಲೆ ಚೇತರಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ಇದಕ್ಕೆ 27 ಅಕ್ಷರ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಕಾಲೇಜಿಯೇಟ್ ನಿಘಂಟಿನ 11ನೇ ಆವೃತ್ತಿಯಲ್ಲಿ ನಡುವೆ ಅಡ್ಡಗೆರೆ ಇಲ್ಲದ ಅತಿ ಉದ್ದದ ಪದಗಳು ಎರಡೇ ಎರಡು. ಒಂದು ರಸಾಯನಶಾಸ್ತ್ರದ ನಾಮಪದ, ಇನ್ನೊಂದು ಇದು. ಅದರಲ್ಲೂ ಇದು ಕ್ರಿಯಾವಿಶೇಷಣ. ಯಾವುದೋ ವಸ್ತುವಿನ ಹೆಸರಲ್ಲ, ಒಂದು ಕೆಲಸ ಹೇಗೆ ನಡೆಯಿತು ಎಂದಷ್ಟೇ ಹೇಳುವ ಪದ. ಅಷ್ಟಕ್ಕೆ 27 ಅಕ್ಷರ!

ಇದಕ್ಕಿಂತ ಉದ್ದದವು ಇಲ್ಲವೆಂದಲ್ಲ. ಜ್ವಾಲಾಮುಖಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆಂದು 45 ಅಕ್ಷರದ ಒಂದು ಹೆಸರಿದೆ. ಅದನ್ನು 1935ರ ಸುಮಾರಿಗೆ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷರು ಉದ್ದಕ್ಕಾಗಿಯೇ ಹೆಣೆದರು. ಶಶಿ ತರೂರ್ 2018ರಲ್ಲಿ ಟ್ವೀಟ್‌ಗೆ ಸೇರಿಸಿ ಓದುಗರನ್ನೆಲ್ಲ ನಿಘಂಟಿನ ಕಡೆ ಓಡಿಸಿದ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್' 29 ಅಕ್ಷರದ್ದು. ಇವೆಲ್ಲ ಸರ್ಕಸ್ಸಿನ ಪದಗಳು, ಎತ್ತಿ ತೋರಿಸುವುದಕ್ಕಷ್ಟೇ ಬೇಕು. ನಮ್ಮ ಪದ ಹಾಗಲ್ಲ. ಮೂರ್ಛೆರೋಗದ ಬಗ್ಗೆ ಬರೆದ ವೈದ್ಯಕೀಯ ಲೇಖನಗಳಲ್ಲಿ ಅದು ನಿಜವಾಗಿ ದುಡಿಯುತ್ತದೆ.

ಅರ್ಥ ಸರಳ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಬರೆದುಕೊಳ್ಳುವ ಪರೀಕ್ಷೆಯ ಮೂಲಕ ಎಂದು. ಆ ಪರೀಕ್ಷೆ ನಮಗೆಲ್ಲ ಗೊತ್ತಿರುವ ಇಇಜಿ. ಮಗುವಿಗೆ ಫಿಟ್ಸ್ ಬಂತೆಂದು ಬೆಂಗಳೂರಿನ ನಿಮ್ಹಾನ್ಸ್‌ಗೋ ಜಿಲ್ಲಾ ಕೇಂದ್ರದ ಆಸ್ಪತ್ರೆಗೋ ಓಡಿದ ತಂದೆತಾಯಿಗೆ ಈ ಮೂರಕ್ಷರ ಸಾಕು. 'ತಲೆಗೆ ಸ್ನಾನ ಮಾಡಿಸಿ ಕರಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ' ಎಂದು ಸಿಬ್ಬಂದಿ ಹೇಳುತ್ತಾರೆ. ಎಣ್ಣೆ ಇದ್ದರೆ ತಲೆಯ ಚರ್ಮಕ್ಕೆ ಅಂಟಿಸುವ ಲೋಹದ ಬಿಲ್ಲೆಗಳು ಸರಿಯಾಗಿ ಕೂರುವುದಿಲ್ಲ. ಪೂರ್ತಿ ಹೆಸರನ್ನು ಆಸ್ಪತ್ರೆಯಲ್ಲಿ ಯಾರೂ ಉಚ್ಚರಿಸುವುದಿಲ್ಲ. ಅದಕ್ಕೆ 'ಕಲಿ' ಸೇರಿದ ರೂಪವನ್ನಂತೂ ಕೇಳಿದವರೇ ಕಡಿಮೆ.

ಹೀಗಿದ್ದರೂ ಈ ಪದದ ಮುಂದೆ ಸ್ವಲ್ಪ ಹೊತ್ತು ಕೂರುವುದಕ್ಕೆ ಕಾರಣವಿದೆ. ಉದ್ದದ ಇಂಗ್ಲಿಷ್ ಪದವನ್ನು ನಾವು ಮುಂದಿನಿಂದ, ಅಕ್ಷರ ಅಕ್ಷರವಾಗಿ ಓದಲು ಹೊರಡುತ್ತೇವೆ. ಶಾಲೆಯಲ್ಲಿ ಸ್ಪೆಲ್ಲಿಂಗ್ ಉರು ಹೊಡೆದ ಅಭ್ಯಾಸ ಅದು. ಆದರೆ ಇಂಥ ಪದಗಳು ದೋಣಿಯ ಹಾಗೆ, ಚುಕ್ಕಾಣಿ ಹಿಂದಿರುತ್ತದೆ. ಯಾವ ಭಾಗವನ್ನು ಒತ್ತಿ ಹೇಳಬೇಕು, ಯಾವುದನ್ನು ನುಂಗಬೇಕು, ವಾಕ್ಯದಲ್ಲಿ ಪದದ ಕೆಲಸವೇನು ಎನ್ನುವುದನ್ನೆಲ್ಲ ಬಾಲ ತೀರ್ಮಾನಿಸುತ್ತದೆ. ಆದ್ದರಿಂದ ಬಾಲದಿಂದ ಶುರು ಮಾಡೋಣ.

ಕೊನೆಯ ತುಂಡು 'ಲಿ'. ಇಡೀ ಪದದಲ್ಲಿ ಅಪ್ಪಟ ಇಂಗ್ಲಿಷ್ ಎನ್ನಬಹುದಾದ್ದು ಇದೊಂದೇ. ಹಳೆಯ ಇಂಗ್ಲಿಷಿನಲ್ಲಿ 'ಲೀಚ್' ಎಂದರೆ ದೇಹ, ಆಕಾರ. 'ಇಂಥ ಆಕಾರದಲ್ಲಿ' ಎಂಬ ಅರ್ಥದಲ್ಲಿ ಪದಗಳ ಹಿಂದೆ ನಿಲ್ಲುತ್ತಿದ್ದ ಅದು ಸವೆದು ಸವೆದು 'ಲಿ' ಆಯಿತು. 'ಹಾಗೆ' ಎಂಬರ್ಥದ 'ಲೈಕ್' ಕೂಡ ಅದೇ ಮನೆತನದ್ದು. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳದ ಬಾಗಿಲಿಗೆ, ಶವವನ್ನು ಒಳಗೆ ತರುವ ಮುನ್ನ ಇಳಿಸುವ ಚಾವಣಿಯ ಜಾಗಕ್ಕೆ, 'ಲಿಚ್‌ಗೇಟ್' ಎನ್ನುತ್ತಾರೆ. ಅಲ್ಲಿರುವುದೂ ಇದೇ ದೇಹ, ಉಸಿರು ಹೋದದ್ದು. ಜರ್ಮನ್ ಭಾಷೆಯಲ್ಲಿ ಶವಕ್ಕೆ ಇಂದಿಗೂ 'ಲೈಖೆ' ಎಂದೇ ಹೆಸರು. ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳು ಬೇರೆ ದಾರಿ ಹಿಡಿದವು. 'ಮನಸ್ಸಿನಿಂದ' ಎಂಬ ಅರ್ಥದ 'ಮೆಂತೆ' ಎಂಬ ಪದವೇ ಅವುಗಳಲ್ಲಿ ಬಾಲವಾಯಿತು. ಹೀಗಾಗಿ ಮಿದುಳಿನ ಪರೀಕ್ಷೆಯ ಬಗೆಗಿನ ಈ ಒಂದೇ ಪದ ಫ್ರೆಂಚಿನಲ್ಲಿ ಮನಸ್ಸಿನಲ್ಲಿ ಮುಗಿಯುತ್ತದೆ, ಇಂಗ್ಲಿಷಿನಲ್ಲಿ ದೇಹದಲ್ಲಿ ಮುಗಿಯುತ್ತದೆ. ತತ್ವಶಾಸ್ತ್ರದವರು ಶತಮಾನಗಳಿಂದ ಜಗಳವಾಡಿದ ವಿಷಯವನ್ನು ಎರಡು ಪ್ರತ್ಯಯಗಳು ಸದ್ದಿಲ್ಲದೆ ಹಂಚಿಕೊಂಡಿವೆ.

ಕನ್ನಡ ಈ ಕೆಲಸಕ್ಕೆ ದೇಹವನ್ನೂ ಕರೆಯುವುದಿಲ್ಲ, ಮನಸ್ಸನ್ನೂ ಕರೆಯುವುದಿಲ್ಲ. 'ಆಗು' ಎಂಬ ಧಾತುವಿನ 'ಆಗಿ' ನಮಗೆ ಸಾಕು. ಚೆನ್ನಾಗಿ, ಮೆತ್ತಗಾಗಿ, ವೈಜ್ಞಾನಿಕವಾಗಿ.

'ಲಿ'ಯ ಹಿಂದೆ 'ಅಲ್', ಅದರ ಹಿಂದೆ 'ಇಕ್'. ಎರಡೂ 'ಸಂಬಂಧಪಟ್ಟ' ಎಂದೇ ಹೇಳುತ್ತವೆ. ಒಂದು ಲ್ಯಾಟಿನ್ನಿನದು, ಇನ್ನೊಂದು ಗ್ರೀಕಿನದು. ನಾವು 'ನಡುಮಧ್ಯೆ' ಎಂದು ಕನ್ನಡಕ್ಕೆ ಸಂಸ್ಕೃತ ಅಂಟಿಸಿ ಒಂದನ್ನೇ ಎರಡು ಸಲ ಹೇಳುತ್ತೇವಲ್ಲ, ಆ ಜಾತಿಯ ಜೋಡಿ. ಆದರೆ ಇಲ್ಲಿ 'ಅಲ್' ಇನ್ನೂ ನಿರುಪಯೋಗಿ. 'ಇಕ್' ಎಂದು ಮುಗಿಯುವ ಗುಣವಾಚಕಕ್ಕೆ 'ಲಿ' ನೇರವಾಗಿ ಹತ್ತುವುದಿಲ್ಲ, ನಡುವೆ 'ಅಲ್' ಎಂಬ ಮೆಟ್ಟಿಲು ಬೇಕು ಎನ್ನುವುದು ಇಂಗ್ಲಿಷಿನ ಬರವಣಿಗೆಯ ರೂಢಿ. 'ಬೇಸಿಕಲ್' ಎಂಬ ಪದ ಬಳಕೆಯಲ್ಲಿಲ್ಲ, ಆದರೂ 'ಬೇಸಿಕಲಿ' ಇದೆ. ಈ ರೂಢಿಯನ್ನು ಮುರಿದದ್ದು 'ಪಬ್ಲಿಕ್', ಅದು ಮೆಟ್ಟಿಲಿಲ್ಲದೆ ನೇರವಾಗಿ 'ಪಬ್ಲಿಕ್ಲಿ' ಆಗುತ್ತದೆ. ಇನ್ನೊಂದು ತಮಾಷೆ ಎಂದರೆ, ಇಷ್ಟು ಶ್ರದ್ಧೆಯಿಂದ ಬರೆದ ಈ 'ಅಲ್' ಮಾತಿನಲ್ಲಿ ಬಹುತೇಕ ಮಾಯ. ಇಂಗ್ಲಿಷಿನವರು ಹೇಳುವುದು 'ಬೇಸಿಕ್ಲಿ'. ನಮ್ಮ ಪದದ ಕೊನೆಯೂ ಹಾಗೇ 'ಗ್ರಾಫಿಕ್ಲಿ'. ಅರ್ಥವಿಲ್ಲ, ಉಚ್ಚಾರವೂ ಇಲ್ಲ; 'ಅಲ್' ಬದುಕಿರುವುದು ಕಾಗದದ ಮೇಲೆ ಮಾತ್ರ.

ಇನ್ನು 'ಗ್ರಾಫ್', ಅಂದರೆ ಬರೆಯುವುದು. ಅದರ ಹಿಂದೆ 'ಎನ್ಸೆಫಲೋ'. ಇದರೊಳಗೆ ಎರಡು ತುಂಡಿದೆ. 'ಎನ್' ಎಂದರೆ ಒಳಗೆ, 'ಕೆಫಲೆ' ಎಂದರೆ ತಲೆ. ತಲೆಯೊಳಗಿರುವುದು ಯಾವುದೋ ಅದೇ ಮಿದುಳು ಎಂಬ ಲೆಕ್ಕ. ಮಿದುಳುಜ್ವರದ ಸುದ್ದಿಗಳಲ್ಲಿ ನಾವು ಓದುವ ಎನ್ಸೆಫಲೈಟಿಸ್ ಇದರ ಒಡಹುಟ್ಟು. ಗ್ರೀಕಿನ 'ಕ' ಇಂಗ್ಲಿಷಿಗೆ ಬರುವಾಗ 'ಸ' ಆಯಿತು. ಬ್ರಿಟನ್ನಿನ ಕೆಲವು ವೈದ್ಯರು ಈಗಲೂ ಪಟ್ಟು ಬಿಡದೆ 'ಎನ್ಕೆಫ' ಎನ್ನುತ್ತಾರೆ, ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ಎಲ್ಲಕ್ಕೂ ಮುಂದೆ ನಿಂತ 'ಎಲೆಕ್ಟ್ರೋ'ದ ಮೂಲ ಗ್ರೀಕರ 'ಎಲೆಕ್ತ್ರೋನ್'. ಅದು ಅಂಬರ್. ಮರದ ಅಂಟು ಲಕ್ಷಾಂತರ ವರ್ಷ ನೆಲದಡಿ ಉಳಿದು ಹಳದಿ ಕಲ್ಲಿನಂತೆ ಗಟ್ಟಿಯಾದದ್ದು. ಅದನ್ನು ಬಟ್ಟೆಗೆ ಉಜ್ಜಿದರೆ ಹುಲ್ಲುಕಡ್ಡಿಯಂಥ ಹಗುರ ವಸ್ತುಗಳನ್ನು ಎಳೆದುಕೊಳ್ಳುತ್ತದೆ. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಗ್ರಂಥದಲ್ಲಿ, ಹೀಗೆ ಎಳೆಯುವ ವಸ್ತುಗಳನ್ನೆಲ್ಲ ಅಂಬರಿನ ಹೆಸರಿನಿಂದ ಕರೆದ. ಅಲ್ಲಿಂದ ಕರೆಂಟು ಬಿಲ್ಲಿನವರೆಗೆ ಆ ಹೆಸರು ನಡೆದು ಬಂದಿದೆ.

ತುಂಡುಗಳು ಸಿಕ್ಕವು. ಜೋಡಿಸಿದ್ದು ಯಾರು? ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಚಲನೆ ಇದೆಯೆಂದು ಲಿವರ್‌ಪೂಲಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಮನುಷ್ಯರ ಮಿದುಳಿನಿಂದ ಅದನ್ನು ಬರೆದುಕೊಂಡ ಮೊದಲಿಗ ಬರ್ಗರ್. ಅವರನ್ನು ಈ ದಾರಿಗೆ ತಂದ ಕತೆ ವಿಚಿತ್ರ. ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಫಿರಂಗಿ ಗಾಡಿಯ ಚಕ್ರಕ್ಕೆ ಸಿಲುಕುವುದರಲ್ಲಿದ್ದು ಉಳಿದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ಯಾಕೋ ಎದೆ ನಡುಗಿ, ಅವಳ ಒತ್ತಾಯಕ್ಕೆ ಅಪ್ಪ ತಂತಿ ಕಳಿಸಿದರು. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿದಿರಬೇಕು ಎಂದು ನಂಬಿದ ಬರ್ಗರ್ ಆ ಶಕ್ತಿಯನ್ನು ಅಳೆಯಲು ಹೊರಟರು. ಅದು ಸಿಗಲಿಲ್ಲ, 1924ರಲ್ಲಿ ಸಿಕ್ಕಿದ್ದು ಗೆರೆ ಗೆರೆಯಾಗಿ ಏರಿಳಿಯುವ ಮಿದುಳಿನ ಅಲೆ. ಅದನ್ನು ಪ್ರಕಟಿಸಲು ಅವರಿಗೆ 1929ರವರೆಗೆ ಧೈರ್ಯ ಬರಲಿಲ್ಲ.

ಹೆಸರಿಡುವಾಗ ಬರ್ಗರ್ ತೋರಿದ ಮಡಿವಂತಿಕೆ ಗಮನಿಸುವಂಥದ್ದು. ನಾಯಿಗಳ ಮೇಲೆ ಇದೇ ಬಗೆಯ ಪ್ರಯೋಗ ಮಾಡಿದ್ದ ಪ್ರಾವ್ದಿಚ್-ನೆಮಿನ್‌ಸ್ಕಿ 'ಎಲೆಕ್ಟ್ರೋಸೆರೆಬ್ರೋಗ್ರಾಮ್' ಎಂದು ಕರೆದಿದ್ದರು. ಅದರಲ್ಲಿ ಗ್ರೀಕಿನ ನಡುವೆ ಲ್ಯಾಟಿನ್ನಿನ ಮಿದುಳು ಕೂತಿದೆಯೆಂದು ಬರ್ಗರರಿಗೆ ಸರಿಬರಲಿಲ್ಲ. ಪೂರ್ತಿ ಗ್ರೀಕಿನಲ್ಲೇ ಕಟ್ಟಿ 'ಎಲೆಕ್ಟ್ರೆನ್ಕೆಫಲೋಗ್ರಾಮ್' ಎಂದರು. ಈ ರೂಪವನ್ನು ಇನ್ನೊಮ್ಮೆ ನೋಡಿ. 'ಎಲೆಕ್ಟ್ರೋ' ಮತ್ತು 'ಎನ್ಕೆಫ' ಕೂಡುವಲ್ಲಿ 'ಓ' ಬಿಟ್ಟುಹೋಗಿದೆ. ನಮ್ಮ ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ, ಇದು ಲೋಪಸಂಧಿ. ಊರು, ಇಂದ ಸೇರಿ ಊರಿಂದ ಆದ ಹಾಗೆ. ಇಂಗ್ಲಿಷಿನವರು ಈ ಸಂಧಿಯನ್ನು ಬಿಡಿಸಿ ಎರಡೂ ಸ್ವರಗಳನ್ನು ಎದುರುಬದುರು ನಿಲ್ಲಿಸಿದರು. ನಮ್ಮ ವ್ಯಾಕರಣದಲ್ಲಿ ಅದಕ್ಕೆ ಪ್ರಕೃತಿಭಾವ ಎನ್ನುತ್ತೇವೆ. ಹೀಗಾಗಿ ಪದಕ್ಕೆ ಒಂದು ಉಚ್ಚಾರದ ಘಟಕ ಹೆಚ್ಚಿಗೆ ಬಂತು. ನಾಲಗೆಗೆ ಮಾತ್ರ ಪ್ರಕೃತಿಭಾವ ಹಿಡಿಸುವುದಿಲ್ಲ. ಬೇಗ ಬೇಗ ಹೇಳಿನೋಡಿ, 'ಟ್ರೋವೆನ್ಸೆ' ಎಂದು ನಡುವೆ 'ವ' ನುಸುಳುತ್ತದೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನಿಗೆ ಕೇಳಿಸಿದ್ದರೆ ಆಗಮಸಂಧಿ ಎಂದು ಬರೆದುಕೊಳ್ಳುತ್ತಿದ್ದ.

ಈಗ ಒತ್ತಿನ ವಿಷಯ. ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. ಇಂಗ್ಲಿಷಿನ ಪ್ರತಿ ಪದದಲ್ಲೂ ಒಂದು ಭಾಗ ಉಳಿದವಕ್ಕಿಂತ ಎದ್ದು ಕೇಳಿಸುತ್ತದೆ. ಅಲ್ಲಿ ದನಿ ಏರುತ್ತದೆ, ಜೋರಾಗುತ್ತದೆ, ಕೊಂಚ ಹೊತ್ತು ನಿಲ್ಲುತ್ತದೆ, ಸ್ವರ ನಿಚ್ಚಳವಾಗಿರುತ್ತದೆ. ಒತ್ತು ಬೀಳದ ಕಡೆ ಸ್ವರಗಳು ಸೊರಗಿ 'ಅ'ವೂ ಅಲ್ಲದ 'ಎ'ಯೂ ಅಲ್ಲದ ಅರೆಜೀವದ ಸದ್ದಾಗುತ್ತವೆ. ಕನ್ನಡದಲ್ಲಿ ಒತ್ತು ಜಾಗ ಬದಲಿಸಿದರೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಕೇಳುವವರಿಗೆ ಪದವೇ ಸಿಗದೆ ಹೋಗಬಹುದು.

ನಮ್ಮ ಪದದ ಕುಟುಂಬದಲ್ಲಿ ಒತ್ತು ಅಲೆಯುವ ಬಗೆ ಸೊಗಸಾಗಿದೆ. ಮುಂದಿನ 'ಎಲೆಕ್ಟ್ರೋ'ವನ್ನು ಸದ್ಯಕ್ಕೆ ಬದಿಗಿಡೋಣ. ಯಂತ್ರ ಬರೆದ ಹಾಳೆ 'ಎನ್ಸೆಫಲಗ್ರಾಮ್'. ಅದರಲ್ಲಿ ಮುಖ್ಯ ಒತ್ತು 'ಸೆ' ಮೇಲೆ. ಆ ವಿದ್ಯೆ 'ಎನ್ಸೆಫಲಾಗ್ರಫಿ'. ಒತ್ತು ಎರಡು ಹೆಜ್ಜೆ ಸರಿದು 'ಲಾ' ಮೇಲೆ ಕೂತಿತು. ಗುಣವಾಚಕ 'ಎನ್ಸೆಫಲಗ್ರಾಫಿಕ್'. ಒತ್ತು ಇನ್ನೊಂದು ಹೆಜ್ಜೆ ಮುಂದೆ, 'ಗ್ರಾ' ಮೇಲೆ. ಬೇರು ಒಂದೇ, ಬಾಲ ಬದಲಾದಂತೆ ದನಿಯ ಭಾರ ಬಲಕ್ಕೆ ಸರಿಯುತ್ತ ಹೋಯಿತು. 'ಲಾ' ಎಂದು ಮೆರೆದ ಭಾಗ ಮರುರೂಪದಲ್ಲಿ 'ಲ' ಎಂದು ಸೊರಗಿತು. 'ಗ್ರ' ಎಂದು ಮುದುಡಿದ್ದು 'ಗ್ರಾ' ಎಂದು ಎದ್ದು ನಿಂತಿತು.

ಇದರ ಹಿಂದಿನ ನಿಯಮ ಅಷ್ಟೇನೂ ಗಹನವಲ್ಲ. 'ಇಕ್' ಬಂದರೆ ಒತ್ತು ಅದರ ಬೆನ್ನಿಗಿರುವ ಭಾಗಕ್ಕೆ ಬರುತ್ತದೆ. 'ಗ್ರಫಿ', 'ಲಜಿ' ಬಗೆಯ ಬಾಲ ಇದ್ದರೆ ಕೊನೆಯಿಂದ ಮೂರನೆಯ ಭಾಗಕ್ಕೆ. 'ಹಿಸ್ಟರಿ'ಯಲ್ಲಿ ಒತ್ತು ಮೊದಲಲ್ಲಿ, 'ಹಿಸ್ಟಾರಿಕ್'ನಲ್ಲಿ ನಡುವೆ. 'ಎಲೆಕ್ಟ್ರಿಕ್'ನಲ್ಲಿ 'ಲೆ' ಮೇಲಿದ್ದದ್ದು 'ಎಲೆಕ್ಟ್ರಿಸಿಟಿ'ಯಲ್ಲಿ 'ಟ್ರಿ'ಗೆ ಜಾರಿತು, ಜೊತೆಗೆ 'ಕ' ಹೋಗಿ 'ಸ' ಬಂತು. ಪುಂಡರೂ ಇದ್ದಾರೆ. 'ಅರಿಥ್ಮೆಟಿಕ್', 'ಕ್ಯಾಥೊಲಿಕ್', 'ಅರೇಬಿಕ್', 'ಪಾಲಿಟಿಕ್ಸ್' ಈ ನಿಯಮಕ್ಕೆ ಬಗ್ಗುವುದಿಲ್ಲ. ಇಂಗ್ಲಿಷಿನವರು ಅರೇಬಿಕ್ ಎನ್ನುವಾಗ ಒತ್ತುವುದು ಮೊದಲ 'ಅ'ವನ್ನು, ನಾವು ನಿಯಮಕ್ಕೆ ತಲೆಬಾಗಿ 'ರೇ' ಎಳೆಯುತ್ತೇವೆ. ಆದರೆ 'ಅಲ್' ಸೇರಿದರೆ ಪುಂಡರೂ ದಾರಿಗೆ ಬರುತ್ತಾರೆ. 'ಪಾಲಿಟಿಕ್ಸ್'ನಲ್ಲಿ ಒತ್ತು 'ಪಾ' ಮೇಲಿತ್ತು, 'ಪೊಲಿಟಿಕಲ್'ನಲ್ಲಿ 'ಲಿ' ಮೇಲೆ.

ಈ ಉದಾಹರಣೆಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಪಾಲಿಟಿಕ್ಸ್, ಪೊಲಿಟಿಕಲ್. ಎಕಾನಮಿ, ಎಕನಾಮಿಕ್ಸ್. ಬಯಾಲಜಿ, ಬಯಲಾಜಿಕಲ್. ಕನ್ನಡ ಪತ್ರಿಕೆಗಳು ಹೀಗೇ ಅಚ್ಚು ಮಾಡುತ್ತವೆ. ಎಲ್ಲೆಲ್ಲಿ ದೀರ್ಘವಿದೆಯೋ ಅಲ್ಲಲ್ಲಿ ಇಂಗ್ಲಿಷಿನ ಒತ್ತಿದೆ. ಒತ್ತು ಸರಿದುಹೋದ ಕಡೆ ಅದೇ ಸ್ವರ ಹ್ರಸ್ವವಾಗಿ ಸೊರಗಿದೆ. ಯಾವ ಸಮಿತಿಯೂ ಕೂತು ತೀರ್ಮಾನಿಸಲಿಲ್ಲ. ಕನ್ನಡದ ಕಿವಿ ಒತ್ತನ್ನು ಕೇಳಿಸಿಕೊಂಡು, ತನ್ನಲ್ಲಿ ಅದಕ್ಕೆ ಚಿಹ್ನೆ ಇಲ್ಲದ್ದರಿಂದ ದೀರ್ಘ ಹಾಕಿತು. ಬ್ರಿಟಿಷ್ ಉಚ್ಚಾರದಲ್ಲಿ ಎಕಾನಮಿಯ 'ಕಾ' ದೀರ್ಘವೇ ಅಲ್ಲ, ಗ್ರಾಫಿಕ್‌ನ 'ಗ್ರಾ' ಕೂಡ ಅಲ್ಲ. ಅವು ಒತ್ತು ಬಿದ್ದ ಹ್ರಸ್ವಗಳು. ನಾವು ಭಾರವನ್ನು ಕಾಲವಾಗಿ ಬದಲಾಯಿಸಿಕೊಂಡಿದ್ದೇವೆ. ಎಲ್ಲ ಕಡೆಯೂ ಇದು ನಡೆದಿಲ್ಲ. 'ಡೆಮಾಕ್ರಸಿ'ಯ 'ಮಾ' ಸರಿ, ಆದರೆ 'ಡೆಮಾಕ್ರಟಿಕ್'ನಲ್ಲೂ ಅದನ್ನೇ ಉಳಿಸಿಕೊಂಡು ಒತ್ತು ಬೀಳುವ 'ಕ್ರ'ವನ್ನು ಕಡೆಗಣಿಸಿದ್ದೇವೆ. ಆದರೂ ಕನ್ನಡದವರಿಗೆ ಇಂಗ್ಲಿಷಿನ ಒತ್ತು ತಿಳಿಯದು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಾಯಿಗೆ ಬಾರದಿದ್ದರೂ ಬರವಣಿಗೆಗೆ ಅದು ಬಂದುಬಿಟ್ಟಿದೆ.

ಕಾಲದ ಮಾತು ಬಂದಮೇಲೆ ಮಾತ್ರೆ ಎಣಿಸದೆ ಇರುವುದು ಹೇಗೆ? ಹತ್ತನೆಯ ಶತಮಾನದ ಕೊನೆಯ ನಾಗವರ್ಮನ 'ಛಂದೋಂಬುಧಿ'ಯಿಂದ ಇಂದಿನ ಹತ್ತನೇ ಕ್ಲಾಸಿನ ಪಠ್ಯದವರೆಗೆ ಹರಿದು ಬಂದ ವಿದ್ಯೆ ಅದು. ಹ್ರಸ್ವ ಲಘು, ಒಂದು ಮಾತ್ರೆ. ದೀರ್ಘ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನದೂ ಗುರು. ನಮ್ಮ ಪದಕ್ಕೆ ಪ್ರಸ್ತಾರ ಹಾಕಿದರೆ ಅಕ್ಷರ ಹನ್ನೊಂದು. ಎ, ಲೆ, ಕ್ಟ್ರೋ, ಎ, ನ್ಸೆ, ಫ, ಲೋ, ಗ್ರಾ, ಫಿ, ಕ, ಲಿ. ಇವುಗಳಲ್ಲಿ 'ಲೆ', 'ಕ್ಟ್ರೋ', ಎರಡನೆಯ 'ಎ', 'ಲೋ', 'ಗ್ರಾ' ಗುರು. ಉಳಿದ ಆರು ಲಘು. ಒಟ್ಟು 16 ಮಾತ್ರೆ. ಗಣ ವಿಂಗಡಿಸಿದರೆ 'ಎಲೆ' ಮೂರು, 'ಕ್ಟ್ರೋಎನ್ಸೆ' ಐದು, 'ಫಲೋ' ಮೂರು, 'ಗ್ರಾಫಿಕಲಿ' ಐದು. ಮೂರು ಐದು ಮೂರು ಐದು, ಒಟ್ಟು ಹದಿನಾರು. ಮಂದಾನಿಲ ರಗಳೆಯ ಒಂದು ಸಾಲಿಗೆ ಬೇಕಾದ ಅಳತೆ ಸರಿಯಾಗಿ ಇಷ್ಟೇ! ಬರ್ಗರ್ ಸಾಹೇಬರು ರಗಳೆಯ ಕವಿ ಹರಿಹರನ ಹಾದಿಯಲ್ಲಿದ್ದರೆಂದು ಯಾರಾದರೂ ಸಂಶೋಧನೆ ಮಂಡಿಸುವ ಮೊದಲೇ ಹೇಳಿಬಿಡುತ್ತೇನೆ, ಇದು ಬರೀ ಆಕಸ್ಮಿಕ.

ಆಕಸ್ಮಿಕವಲ್ಲದ್ದು ಗುರು-ಲಘು ವಿವೇಕ. ನಮ್ಮ ಲಿಪಿ 'ಕ್ಟ್ರೋ' ಎಂದು ವ್ಯಂಜನಗಳನ್ನೆಲ್ಲ ಮುಂದಿನ ಅಕ್ಷರಕ್ಕೆ ಹೊರಿಸುತ್ತದೆ. ಕಿವಿಗೆ ಕೇಳುವುದು 'ಎ-ಲೆಕ್-ಟ್ರೋ', 'ಕ' ಹಿಂದಿನದರ ಜೊತೆ. ಛಂದಸ್ಸು ಲಿಪಿಯನ್ನು ನಂಬದೆ ಕಿವಿಯನ್ನು ನಂಬಿತು. ಅದಕ್ಕೇ 'ಲೆ'ಯನ್ನು ಗುರು ಎಂದಿತು. ಇಂಗ್ಲಿಷ್ ಭಾಷಾಶಾಸ್ತ್ರಜ್ಞರೂ ಉಚ್ಚಾರದ ಘಟಕಗಳನ್ನು ಭಾರದವು, ಹಗುರದವು ಎಂದೇ ವಿಂಗಡಿಸುತ್ತಾರೆ. ಲ್ಯಾಟಿನ್ ಮೂಲದ ಬಹಳಷ್ಟು ಪದಗಳಲ್ಲಿ ಒತ್ತು ಭಾರದ ಘಟಕವನ್ನು ಹುಡುಕಿಕೊಂಡು ಹೋಗುತ್ತದೆ. ಆದರೆ ಒಂದು ಕಡೆ ದಾರಿ ಕವಲೊಡೆಯುತ್ತದೆ. ನಮ್ಮ ಪ್ರಸ್ತಾರದಲ್ಲಿ 'ಲೋ' ಗುರು, 'ನ್ಸೆ' ಲಘು. ಇಂಗ್ಲಿಷಿನವರ ಬಾಯಲ್ಲಿ ತಿರುವುಮುರುವು. 'ಸೆ' ಮೇಲೆ ಎರಡನೇ ದರ್ಜೆಯ ಒತ್ತು ಬೀಳುತ್ತದೆ, 'ಲೋ' ಉಸಿರಿಲ್ಲದ 'ಲ' ಆಗುತ್ತದೆ. 'ಲೆಕ್', 'ಸೆ', 'ಗ್ರಾ' ಮೂರನ್ನು ಮೀಟಿ, ಕೊನೆಯದನ್ನು ಎಲ್ಲಕ್ಕಿಂತ ಜೋರಾಗಿ ಮೀಟಿ, ಮಿಕ್ಕದ್ದನ್ನು ಜಾರಿಸಿದರೆ ಪದ ಸಲೀಸಾಗಿ ದಾಟುತ್ತದೆ. ನಾವು ಹನ್ನೊಂದಕ್ಕೂ ನ್ಯಾಯವಾಗಿ ಪಾಲು ಕೊಡಲು ಹೋಗಿ ದಣಿಯುತ್ತೇವೆ.

ನುಂಗುವುದು ನಮಗೆ ಬಾರದ ವಿದ್ಯೆಯೇನಲ್ಲ. 'ಬರುತ್ತಾನೆ' ಎಂದು ಬರೆದು 'ಬರ್ತಾನೆ' ಎನ್ನುತ್ತೇವೆ. 'ಮಾಡಿದರೆ' ನಾಲಗೆಯ ಮೇಲೆ 'ಮಾಡಿದ್ರೆ' ಆಗುತ್ತದೆ. ನಾಲ್ಕಕ್ಷರ ಹೋಗಿ ಮೂರು ಉಳಿಯುತ್ತದೆ. 'ಗ್ರಾಫಿಕಲಿ' 'ಗ್ರಾಫಿಕ್ಲಿ' ಆಗುವುದೂ ಇದೇ ರೀತಿ. ಚೆಂದವೆಂದರೆ ಅಕ್ಷರ ಒಂದು ಕಡಿಮೆಯಾದರೂ 'ಫಿ' ಗುರುವಾಗುವುದರಿಂದ ಮಾತ್ರೆ ಐದೇ ಉಳಿಯುತ್ತದೆ, ರಗಳೆ ಕೆಡುವುದಿಲ್ಲ. ಮನೆಮಾತಿನಲ್ಲಿ ಸ್ವರಗಳನ್ನು ಇಷ್ಟು ಸಲೀಸಾಗಿ ಬಿಡುವ ನಾವು ಇಂಗ್ಲಿಷ್ ಕಂಡ ಕೂಡಲೇ ಬರೆದದ್ದನ್ನೆಲ್ಲ ಓದಿ ಒಪ್ಪಿಸುವ ಶಾಲಾ ಬಾಲಕರಾಗುತ್ತೇವೆ.

ಹಾಗಾದರೆ ಈ ಪದದಲ್ಲಿ ಉಚ್ಚಾರದ ಘಟಕಗಳು ಎಷ್ಟು? ಬರಹಕ್ಕೆ 11, ಮಾತಿಗೆ ಸಾಮಾನ್ಯವಾಗಿ 10. ಮುದ್ರಿತ ನಿಘಂಟಿನಲ್ಲಿ ಪದದ ನಡುವೆ ಕಾಣುವ ಚುಕ್ಕಿಗಳನ್ನು ಎಣಿಸಿ ವಾದಕ್ಕಿಳಿಯುವವರಿಗೆ ಒಂದು ಮಾತು. ಆ ಚುಕ್ಕಿಗಳು ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದೆಂದು ಅಚ್ಚಿನವರಿಗೆ ತೋರಿಸಲು ಇಟ್ಟವು. ಉಚ್ಚಾರ ಬೇಕಿದ್ದರೆ ಪಕ್ಕದ ಧ್ವನಿಲಿಪಿ ನೋಡಬೇಕು. ಅಲ್ಲಿ ಒತ್ತಿನ ಗುರುತು ಸಾಮಾನ್ಯವಾಗಿ ಒತ್ತು ಬೀಳುವ ಭಾಗದ ಮುಂಚೆಯೇ ನಿಂತಿರುತ್ತದೆ.

ಬಾಲಗಳಿಗೆ ಇನ್ನೊಮ್ಮೆ ಬರಬೇಕು, ಯಾಕೆಂದರೆ ಎಲ್ಲ ಬಾಲಗಳ ಸ್ವಭಾವ ಒಂದೇ ಅಲ್ಲ. 'ಇಕ್', 'ಇಟಿ', 'ಗ್ರಫಿ' ಹೊರಗಿನಿಂದ ಬಂದವು. ಬಂದ ಕೂಡಲೇ ಒತ್ತನ್ನು ಎಳೆದಾಡಿ ಒಳಗಿನ ಸ್ವರಗಳನ್ನು ಬದಲಿಸುತ್ತವೆ. 'ಲಿ', 'ನೆಸ್', 'ಇಂಗ್' ಇಂಗ್ಲಿಷಿನ ಸ್ವಂತದವು, ಏನನ್ನೂ ಕದಲಿಸದೆ ಕೊನೆಗೆ ಕೂರುತ್ತವೆ. 'ಗ್ರಾಫಿಕ್'ನಲ್ಲಿ ಒತ್ತು ಎಲ್ಲಿತ್ತೋ 'ಗ್ರಾಫಿಕಲಿ'ಯಲ್ಲೂ ಅಲ್ಲೇ. ಕನ್ನಡದಲ್ಲೂ ಹೀಗೇ ಇದೆ. 'ವಿಜ್ಞಾನ'ಕ್ಕೆ ಸಂಸ್ಕೃತದ 'ಇಕ' ಹತ್ತಿದರೆ ಪದದ ತಲೆಯೇ ಬದಲಾಗಿ 'ವೈಜ್ಞಾನಿಕ' ಆಗುತ್ತದೆ. ಇತಿಹಾಸ ಐತಿಹಾಸಿಕ, ಸಮಾಜ ಸಾಮಾಜಿಕ. ಅದಕ್ಕೆ ಕನ್ನಡದ 'ಆಗಿ' ಹಚ್ಚಿ, ನಡುವೆ ಒಂದು 'ವ' ಬಂದದ್ದು ಬಿಟ್ಟರೆ ಒಳಗೇನೂ ಅಲುಗುವುದಿಲ್ಲ. ಸಂಸ್ಕೃತದ 'ಇಕ', ಗ್ರೀಕಿನ 'ಇಕೋಸ್' ದೂರದ ನೆಂಟರೆಂದು ಭಾಷೆಗಳನ್ನು ಹೋಲಿಸುವ ವಿದ್ವಾಂಸರು ಹೇಳುತ್ತಾರೆ. ಒಬ್ಬ ಪದದ ತಲೆ ತಿದ್ದಿದ, ಇನ್ನೊಬ್ಬ ಪಕ್ಕದವನ ಮೇಲೆ ಭಾರ ಹಾಕಿದ. ಎರವಲು ಬೇರು, ಎರವಲು ನಡುವು, ಮನೆಯ ಬಾಲ. 'ಸೈಂಟಿಫಿಕಲಿ' ಮತ್ತು 'ವೈಜ್ಞಾನಿಕವಾಗಿ' ಒಂದೇ ನಕ್ಷೆಯ ಕಟ್ಟಡಗಳು.

ಹಾಗೆಂದು ನಮ್ಮ 27 ಅಕ್ಷರದ ಪದಕ್ಕೂ ಅದೇ ನಕ್ಷೆಯಲ್ಲಿ ಕನ್ನಡ ಕಟ್ಟಬೇಕೇ? ಕಟ್ಟಬಹುದು. 'ವಿದ್ಯುನ್ಮಸ್ತಿಷ್ಕಲೇಖನಾತ್ಮಕವಾಗಿ'. ಈಗಷ್ಟೇ ನಾನೇ ಕಟ್ಟಿದ್ದು, ದಯವಿಟ್ಟು ಯಾವ ಪಾರಿಭಾಷಿಕ ಕೋಶಕ್ಕೂ ಸೇರಿಸಬೇಡಿ. ವ್ಯಾಕರಣದಲ್ಲಿ ತಪ್ಪಿಲ್ಲ, ಬಾಯಿಗೆ ಮಾತ್ರ ಸಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವ ವೈದ್ಯರೂ ಈ ಪದವನ್ನು ಇನ್ನಷ್ಟು ಕಡಿಮೆ ಬಳಸಬಹುದು. 'ಮೂರ್ಛೆ ಇದೆಯೆಂದು ಎಲೆಕ್ಟ್ರೋಎನ್ಸೆಫಲೋಗ್ರಾಫಿಕಲಿ ಖಚಿತಪಟ್ಟಿತು' ಎನ್ನುವಲ್ಲೆಲ್ಲ 'ಆನ್ ಇಇಜಿ' ಎಂದರೆ ನಾಲ್ಕೇ ಘಟಕದಲ್ಲಿ ಕೆಲಸ ಮುಗಿಯುತ್ತದೆ.

ಒಂದು ಜಾಗದಲ್ಲಿ ಮಾತ್ರ ಇದನ್ನು ಕಿತ್ತುಹಾಕುವುದು ಕಷ್ಟ. ಮಗುವಿನ ಕೈಕಾಲು ಅದುರುವುದು ನಿಂತಿರುತ್ತದೆ, ಆದರೆ ಮಿದುಳಿನೊಳಗೆ ಫಿಟ್ಸ್ ಇನ್ನೂ ನಡೆದಿರುತ್ತದೆ. ಬರಿಗಣ್ಣಿಗೆ ಕಾಣದ್ದು ಇಇಜಿಯ ಗೆರೆಗಳಲ್ಲಿ ಕಾಣುತ್ತದೆ. ಎರಡೂ ಕಡೆ ನಿಂತಿದೆ ಎಂದು ದಾಖಲಿಸುವಾಗ ವೈದ್ಯರು 'ಕ್ಲಿನಿಕಲಿ' ಎಂದು ಬರೆದು, ಅದಕ್ಕೆ ಜೋಡಿಯಾಗಿ ಇನ್ನೊಂದು 'ಕಲಿ' ಹುಡುಕುತ್ತಾರೆ. ಆಗ ಈ ಪದ ಇಡೀ ಉದ್ದಕ್ಕೆ ಬಂದು ಕೂರುತ್ತದೆ. ಕನ್ನಡದಲ್ಲಿ ಅದೇ ಮಾತನ್ನು ತಾಯಿಗೆ ಹೇಳಬೇಕಾದ ಡಾಕ್ಟರು 'ನೋಡೋಕೂ ನಿಂತಿದೆಯಮ್ಮ, ಇಇಜೀಲೂ ನಿಂತಿದೆ' ಎನ್ನುತ್ತಾರೆ.